ಹಳೆಯ ಹೊಸ್ತಿಲ ಮಹಡಿ ಮನೆ

ಶಾಪ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಸಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ಕಣ್ಣಿಗೆ ಕಾಣದ್ದನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸವಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಮಾನ್ವಿಯಲ್ಲಿ ಒಂದು ಮಧ್ಯಾಹ್ನ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅವು ನಿಜಾಮರ ಆಡಳಿತದ ಕೊನೆಯ ವರ್ಷಗಳು. ರಾಯಚೂರಿನಲ್ಲಿ ನಾವಿದ್ದ ಕೋಣೆಯ ಗೋಡೆ ಸದಾ ಹಸಿ. ನಮ್ಮ ಚೊಚ್ಚಲ ಕೂಸು ಅಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡಿತು. ಹೆಂಡತಿ ಪದ್ಮಾ ಮತ್ತೆ ಬಸುರಿಯಾದಾಗ ನನಗೆ ಮಾನ್ವಿಗೆ ವರ್ಗವಾಯಿತು. ಈ ಸಲ ಹೊಟ್ಟೆಗೆ ಕಡಿಮೆಯಾದರೂ ಸರಿ, ಒಳ್ಳೆಯ ಮನೆಯನ್ನೇ ಹಿಡಿಯಬೇಕೆಂದು ಹಟ ತೊಟ್ಟೆ. ಊರಿಗೇ ಒಂದು ಎನ್ನುವಂಥ ಮಹಡಿ ಮನೆ ಬಾಡಿಗೆಗೆ ಸಿಕ್ಕಿತು. ಕಿಟಕಿಗೆ ಬಣ್ಣದ ಗಾಜು, ನೆಲಕ್ಕೆ ನುಣುಪಾದ ಶಹಾಬಾದಿ ಕಲ್ಲು, ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಂಚ. ಮಾಸ್ತರನಿಗೆ ಇಷ್ಟು ಠೀವಿ ಯಾಕೆ ಎಂದು ಜನ ಆಡಿಕೊಂಡರು. ಆಡಿಕೊಂಡವರನ್ನೇ ಕರೆದು ತೂಗುಮಂಚದ ಮೇಲೆ ಕೂರಿಸಿ ಚಹಾ ಕೊಟ್ಟೆ.

ಮನೆಯೆಲ್ಲ ಹೊಸದು, ತಲೆಬಾಗಿಲ ಹೊಸ್ತಿಲೊಂದು ಮಾತ್ರ ಸವೆದ ಹಳೆಯದು. ಮಾಲಕ ಗುಂಡೇರಾಯ ದೇವದುರ್ಗದ ಸಾವುಕಾರ. ಅವನಿಗೆ ಬಹುವಚನ ಹಚ್ಚಲು ನನಗೆ ಇಂದಿಗೂ ಮನಸ್ಸಿಲ್ಲ. ಕೀಲಿಕೈ ಕೊಡಲು ಬಂದವನು ಹೊರಗಿನ ಕಟ್ಟೆಯ ಮೇಲೇ ನಿಂತ, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಆಗ ಬಾಗಿಲ ಬಳಿ ಲಟಲಟ ಎಂದು ಸದ್ದಾಯಿತು. ಬಿಸಿಲಿಗೆ ಮರ ಬಿರಿಯುತ್ತಿರಬೇಕು ಎಂದುಕೊಂಡೆ. ಮುಂದೆಯೂ ಅವನು ಬಂದಾಗಲೆಲ್ಲ ಆ ಸದ್ದು ಕೇಳುತ್ತಿತ್ತು, ಬೇರೆ ಹೊತ್ತಿನಲ್ಲಿ ಇಲ್ಲ. ಆದರೂ ನಾನು ಮರವನ್ನೇ ದೂರಿದೆ.

ಬೇಸಿಗೆಯ ನಡುವೆ ಅದೇ ಮನೆಯಲ್ಲಿ ಪದ್ಮಾ ಹೆಣ್ಣು ಹೆತ್ತಳು. ದಿನಾ ಬಂದು ಕೂಸಿಗೆ ನೀರು ಹಾಕುತ್ತಿದ್ದ ಸೂಲಗಿತ್ತಿ ಈರಮ್ಮನಿಗೆ ಆ ಸದ್ದಿನ ಮಾತು ಹೇಳಿದೆ. ಅವಳು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

“ಈ ಜಾಗ ಸಾವ್ಕಾರನ ಅಣ್ಣನ ಹೇಣ್ತೀದು, ಯಪ್ಪಾ. ಗಂಡ ಸತ್ತ ಮ್ಯಾಲ ಆಕೀನ್ನ ಹಸಗೂಸಿನ ಸಮೇತ ಹೊರಗ ದಬ್ಬಿದ. ಆಕಿ ಇದ ಹೊಸ್ತಿಲ ಮ್ಯಾಲ ನಿಂತು, ಹತ್ತೂ ಬೆರಳು ನೆಟಿಗಿ ಮುರದು ಹೋದ್ಲು. ಕೂಸೂ ಉಳೀಲಿಲ್ಲ, ಆಕೀನೂ ಉಳೀಲಿಲ್ಲ. ಹಳೀ ಮನಿ ಕೆಡವಿ ಇದನ್ನ ಕಟ್ಟಿದ. ಕಟಿಗಿ ಚಲೋ ಅದ ಅಂತ ಹೊಸ್ತಿಲ ಮಾತ್ರ ಅದನ್ನ ಇಟ್ಟ.”

ಅನ್ಯಾಯ ಮಾಡಿದವರ ಕಡೆ ಕೈ ಚಾಚಿ, ಬೆರಳ ನೆಟಿಗೆ ಮುರಿದು ಶಪಿಸುವುದು ನಮ್ಮ ಕಡೆಯ ಹೆಂಗಸರ ರೂಢಿ. ಅದರಿಂದ ಯಾರಿಗೂ ನೆಗಡಿ ಬಂದದ್ದನ್ನು ಕೂಡ ನಾನು ಕಂಡಿರಲಿಲ್ಲ. ಹಾಗೆಂದು ಹೇಳಿ ನಕ್ಕೆ. ಈರಮ್ಮ ನಗಲಿಲ್ಲ.

ಪುರುಡು ಇನ್ನೂ ಕಳೆದಿರಲಿಲ್ಲ. ಉರಿಬಿಸಿಲಿನ ಹೊತ್ತಿನಲ್ಲಿ ಗುಂಡೇರಾಯ ಬಂದು ಕಟ್ಟೆಯಿಂದಲೇ ಕೂಗಿದ.

“ಮಾಸ್ತರ, ಸಂಜಿ ಅನ್ನೋದ್ರೊಳಗ ಮನಿ ಖಾಲಿ ಮಾಡ್ರಿ. ಕಚೇರಿ ಸಾಹೇಬ್ರು ಇರಲಿಕ್ಕೆ ಬರ್ತಾರ.”

“ಬಾಣಂತಿ ಇದ್ದಾಳ್ರೀ. ಈ ಬಿಸಿಲಾಗ ಹಸಗೂಸು ಕಟಗೊಂಡು ಎಲ್ಲಿ ಹೋಗ್ಲಿ? ಪುರುಡರೆ ಮುಗೀಲಿ,” ಎಂದು ಕೈ ಮುಗಿದೆ.

“ನನ್ನ ಮನ್ಯಾಗ ಹಡೀರಿ ಅಂತ ನಾ ಹೇಳಿದ್ನೇನು? ಮೊದಲಿಂದು ಹೋಗ್ಯದಂತಲ್ಲ. ಇದೂ ಹೋದ್ರ ಮತ್ತೊಂದು ಹಡೀತಾಳ.”

ಇವನ ಕೈ ಸೇದಿ ಮುದುಡಿ ಹೋಗಲಿ ಎಂದು ಒಳಗೊಳಗೇ ಶಪಿಸಿದೆ. ಆದರೆ ಒಳಗೆ ಹೆಂಡತಿ ಮಗಳಿದ್ದರು. ಮುಗಿದ ಕೈ ಬಿಡಲಿಲ್ಲ. ಅದನ್ನು ಕಂಡು ಅವನಿಗೆ ಇನ್ನಷ್ಟು ಧೈರ್ಯ ಬಂತೋ ಏನೋ, ಮೈಲಿಗೆಯನ್ನೂ ಮರೆತು ಮೊದಲ ಸಲ ಹೊಸ್ತಿಲು ದಾಟಿ ಬಂದ. ಬಾಣಂತಿಯ ಕೋಣೆಗೆ ಕಟ್ಟಿದ್ದ ಸೀರೆಯ ಪರದೆ ಹಿಡಿದು ಜಗ್ಗಿದ.

ಆಗ ಶುರುವಾಯಿತು. ಲಟ್, ಲಟ್, ಲಟ್. ಮರದ ಸದ್ದಲ್ಲ, ಬೆರಳ ಗೆಣ್ಣಿನ ಸದ್ದು. ಎಲ್ಲಿಂದ ಬಂತೆಂದು ಹೇಳಲಾರೆ, ಪಡಸಾಲೆಯ ತುಂಬ ಇತ್ತು.

“ಏ ತಂಗೀ, ಸಾಕ್ ಮಾಡು!” ಎಂದು ಅವನು ಪದ್ಮಾಳ ಕಡೆ ಚೀರಿದ. ಪರದೆ ಕಳಚಿ ಬಿದ್ದಿತ್ತು. ಪದ್ಮಾಳ ಎರಡೂ ಕೈ ಕೂಸಿನ ಕೆಳಗಿದ್ದವು. ಈರಮ್ಮ ಎರಡೂ ಕೈಯಲ್ಲಿ ಲೋಬಾನದ ಹೊಗೆಯ ಬಟ್ಟಲು ಹಿಡಿದಿದ್ದಳು. ಗುಂಡೇರಾಯ ಹೊಸ್ತಿಲ ಕಡೆ ತಿರುಗಿದ. ಅಲ್ಲಿ ಬಿಸಿಲಿತ್ತು, ಬೇರೇನೂ ಇರಲಿಲ್ಲ. “ವೈನೀ…” ಎಂದು ಸತ್ತ ಅತ್ತಿಗೆಯನ್ನು ಕರೆಯುತ್ತ ನೆಲಕ್ಕೆ ಕುಸಿದ. ಪರದೆ ಜಗ್ಗಿದ ಬಲಗೈಯ ಬೆರಳುಗಳು, ಒಂದೊಂದು ಸದ್ದಿಗೆ ಒಂದೊಂದರಂತೆ, ನನ್ನ ಕಣ್ಣೆದುರಿಗೇ ಒಳಗೆ ಮುದುಡಿದವು. ಆ ಕೈಯನ್ನು ಎದೆಗೆ ಅವುಚಿಕೊಂಡು ಎದ್ದು ಹೋದ. ಮುಂದೆ ನನಗೆ ವರ್ಗವಾಗುವ ತನಕ ಮನೆ ಬಿಡಿ ಎಂದು ಯಾರೂ ಬರಲಿಲ್ಲ.

ಕೆಟ್ಟ ಮನಸ್ಸಿನವನಿಗೆ ಗಾಬರಿಯಲ್ಲಿ ಲಕ್ವ ಹೊಡೆದಿರಬೇಕು ಎಂದು ನಾನು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಆ ಸಂಜೆ, ಪುರುಡಿನಲ್ಲೂ ಬಿಡದ ಸಂಧ್ಯೆಯ ಅರ್ಘ್ಯಕ್ಕೆ ಕೂತಾಗ, ನೀರೆತ್ತುವ ಉದ್ಧರಣೆ ಹಿಡಿಯಲು ನನಗೆ ಆಗಲಿಲ್ಲ. ನನ್ನ ಹತ್ತೂ ಬೆರಳುಗಳ ಗೆಣ್ಣು ಊದಿ ಕೆಂಪಾಗಿದ್ದವು.

“ನೀವೇನರೆ ಮಾಡಿದ್ರೇನು?” ಎಂದು ಪದ್ಮಾ ಕೇಳಿದಳು.

ನಾನು ಕೈ ಮುಗಿದೇ ನಿಂತಿದ್ದೆ. ಅವಳೇ ಕಣ್ಣಾರೆ ಕಂಡಿದ್ದಳು, ಈರಮ್ಮನೂ ಕಂಡಿದ್ದಳು. ಹಾಗಿದ್ದರೆ ಆ ಊತ ಎಲ್ಲಿಂದ ಬಂತು? ಇಷ್ಟು ವರ್ಷ ಈ ಲೆಕ್ಕ ನನಗೆ ಬಿಡಿಸಲು ಬಂದಿಲ್ಲ.

ಮಗಳು ಓಡಾಡುವಷ್ಟು ದೊಡ್ಡವಳಾದ ಮೇಲೆ ರಾಯಚೂರಿನ ಒಂದು ಮದುವೆಯಲ್ಲಿ ಅವಳೊಡನೆ ಊಟಕ್ಕೆ ಕೂತಿದ್ದೆ. ಎದುರು ಪಂಕ್ತಿಯಲ್ಲಿ ಗುಂಡೇರಾಯನಿದ್ದ. ಬಲಗೈ ಮುದುಡಿಕೊಂಡೇ ಇತ್ತು, ಮಗ ತುತ್ತು ಮಾಡಿ ಬಾಯಿಗಿಡುತ್ತಿದ್ದ. ಅಯ್ಯೋ ಪಾಪ ಎನಿಸೀತೆಂದು ಕಾದೆ. ಎನಿಸಲಿಲ್ಲ. ಅವನೂ ನನ್ನನ್ನು ಗುರುತಿಸಿದ. ಬಾಯಲ್ಲಿದ್ದ ತುತ್ತು ನುಂಗದೆ, ಎಲೆಯ ಮುಂದಿದ್ದ ನನ್ನ ಕೈಗಳನ್ನೇ ನೋಡತೊಡಗಿದ.

ನಾನು ಅವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.