ಕದಿರಪ್ಪನ ಆಳೆತ್ತರದ ಪಿಟೀಲು

ಅಮೃತಹಳ್ಳಿಯಲ್ಲಿ ಹುಟ್ಟಿ ಜಾಜ್ ಬಾರಿಸಿದವರು ಎಷ್ಟು ಜನ ಅಂತ ಲೆಕ್ಕ ಹಾಕಲು ಬೆರಳು ಮಡಿಸುವ ಕಷ್ಟವೇ ಬೇಡ. ಒಬ್ಬನೇ, ತರಕಾರಿ ತೋಟದ ಕದಿರಪ್ಪ. ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ಯಶವಂತಪುರದಲ್ಲಿ ರೈಲ್ವೆಯವರು ಸೇರುವ ಒಂದು ಕ್ಲಬ್ಬಿನಲ್ಲಿ ಐವತ್ತಮೂರನೇ ಇಸವಿಯಿಂದ ಹನ್ನೆರಡು ವರ್ಷ ನಾಲ್ಕು ಜನರ ತಂಡವೊಂದು ಬಾರಿಸುತ್ತಿತ್ತು. ಟ್ರಂಪೆಟ್ಟಿನ ಮುಜಫ್ಫರ್ ಸಾಬರು ಆಮೇಲೆ ಬೊಂಬಾಯಿಯ ಸಿನಿಮಾ ಸ್ಟುಡಿಯೋ ಸೇರಿದರು, ಪಿಯಾನೋದವರು ಆಸ್ಟ್ರೇಲಿಯಾಕ್ಕೆ ಹೋದರು, ಡ್ರಮ್ಮಿನವರು ರೈಲ್ವೆ ಗಾರ್ಡ್ ಆಗಿಯೇ ನಿವೃತ್ತರಾದರು. ಇವರ ಹಿಂದೆ ಆಳೆತ್ತರದ ಪಿಟೀಲನ್ನು ನಿಲ್ಲಿಸಿಕೊಂಡು, ಕಮಾನು ಮುಟ್ಟದೆ ಬರೀ ಬೆರಳಲ್ಲಿ ಮೀಟುತ್ತಿದ್ದವನು ನಮ್ಮ ಕದಿರಪ್ಪ.

ಅಲ್ಲಿಗೆ ಅವನು ಹೋಗುತ್ತಿದ್ದುದು ಸೊಪ್ಪು, ಬದನೆಕಾಯಿ ಹಾಕುವುದಕ್ಕೆ. ಅಡುಗೆಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿ, ಒಳಗಿನ ಅಭ್ಯಾಸ ಕೇಳುತ್ತ, ಹಿಮ್ಮಡಿ ತಟ್ಟುತ್ತ ನಿಂತುಬಿಡುತ್ತಿದ್ದ. ಮಿಲಿಟರಿ ಬ್ಯಾಂಡಿನಲ್ಲಿ ಹದಿನಾಲ್ಕು ವರ್ಷ ಊದಿ ಬಂದಿದ್ದ ಮುಜಫ್ಫರ್ ಸಾಬರು ಆ ಹಿಮ್ಮಡಿಯನ್ನು ಒಂದು ತಿಂಗಳು ಗಮನಿಸಿದರು. ದೊಡ್ಡ ಪಿಟೀಲಿನವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದರಿಂದ ವಾದ್ಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

"ಇದನ್ನ ಹಿಡ್ಕೊಂಡು ನಡಿ," ಅಂದರು ಸಾಬರು. "ಸ್ವರದಲ್ಲಿ ಮೇಲೆ ಹತ್ತು, ಕೆಳಗೆ ಇಳಿ. ನಾವು ಎಷ್ಟೇ ಕುಣಿದಾಡಿದ್ರೂ ನೀನು ಮಾತ್ರ ನಿಲ್ಬೇಡ."

ಕದಿರಪ್ಪನಿಗೆ ಇದೇನು ಹೊಸ ವಿದ್ಯೆಯೇ? ಅವನ ಮನೆಯ ತೋಟಕ್ಕೆ ನೀರು ಬರುತ್ತಿದ್ದುದೇ ಬಾವಿಯ ಕಪಿಲೆಯಿಂದ. ಎತ್ತು ಇಳಿಜಾರಿನಲ್ಲಿ ಇಳಿದರೆ ಚರ್ಮದ ಬಾನಿ ಬಾವಿಯಿಂದ ಮೇಲೆ ಬರುತ್ತದೆ, ಎತ್ತು ಹಿಂದಕ್ಕೆ ಹತ್ತಿದರೆ ಬಾನಿ ಬಾವಿಗಿಳಿಯುತ್ತದೆ. ಎತ್ತು ನಿಂತರೆ ನೀರೂ ನಿಂತಿತು. ಹತ್ತು ವರ್ಷ ಆ ಎತ್ತುಗಳ ಜೊತೆ ನಡೆದ ಕಾಲು ಅವನದು. ಆ ನಡಿಗೆ ಬೆರಳಿಗೆ ಬರಬೇಕಿತ್ತು, ಅಷ್ಟೇ. ಬೊಬ್ಬೆ ಎದ್ದು, ಒಡೆದು, ಎರಡು ವರ್ಷಕ್ಕೆ ಬಂತು.

ಊರಿನಲ್ಲಿ ಮಾತ್ರ ಇದಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಸೋದರಮಾವ ಮುನಿಕೃಷ್ಣಪ್ಪ ಒಂದು ಸಲ ಹೋಗಿ ಕೇಳಿ ಬಂದು, ಕದಿರಪ್ಪನ ತಾಯಿ ದೊಡ್ಡಮುನಿಯಮ್ಮನ ಮುಂದೆ ಮೂಗು ಮುರಿದ.

"ತುತ್ತೂರಿ ಕೇಳ್ತದೆ, ಡೋಲು ಕೇಳ್ತದೆ. ಇವಂದು ಏನೂ ಕೇಳಾಕಿಲ್ಲ ಕಣಕ್ಕ. ಸುಮ್ಕೆ ತಬ್ಕೊಂಡು ನಿಂತವ್ನೆ."

ಐವತ್ತೇಳರಲ್ಲಿ ಕದಿರಪ್ಪನ ಅಪ್ಪ ಮಂಡಿನೋವಿನಿಂದ ಮೂಲೆ ಹಿಡಿದ. ತಂಡಕ್ಕೋ ಆಗ ವಾರಕ್ಕೆ ನಾಲ್ಕು ಸಂಜೆ ಕರೆ ಬರುತ್ತಿತ್ತು. ಪಿಟೀಲು ಬಿಟ್ಟು ಕಪಿಲೆಗೆ ನಿಲ್ಲಲಿ ಅಂತ ಮಾವ ಪಟ್ಟು ಹಿಡಿದ. ಆ ಮನೆಯಲ್ಲಿ ಕೊನೆಯ ಮಾತು ದೊಡ್ಡಮುನಿಯಮ್ಮನದು.

"ನಾನೇ ಓಗಿ ಕೇಳ್ತೀನಿ," ಅಂದಳು. "ನನ್ ಮಗಂದು ನನ್ ಕಿವೀಗೆ ಬಿದ್ರೆ ಅಲ್ಲೇ ಇರ್ಲಿ. ಬೀಳ್ದಿದ್ರೆ ಎತ್ತಿನ ಇಂದೆ ಬರ್ಲಿ."

ಕದಿರಪ್ಪ ಮಾರನೆಯ ಸಂಜೆಯೇ ಈ ಮಾತನ್ನು ಕ್ಲಬ್ಬಿಗೆ ಒಯ್ದ. ವಿಷಯ ತಿಳಿದ ಸಾಬರು ಧೈರ್ಯ ಹೇಳಿದರು. "ಮೂರನೇ ಹಾಡಲ್ಲಿ ನಾವೆಲ್ಲ ನಿಲ್ಲಿಸ್ತೀವಿ. ನೀನೊಬ್ನೇ ಬಾರ್ಸು. ಅಮ್ಮನಿಗೆ ಕೇಳ್ದೆ ಎಲ್ಲಿಗೆ ಹೋಗುತ್ತೆ?" ಎಂಟು ದಿನ ಅವನು ಅದನ್ನೇ ತಿದ್ದಿದ, ನಿದ್ದೆಯಲ್ಲೂ ಬೆರಳು ಆಡುತ್ತಿದ್ದವಂತೆ.

ಭಾನುವಾರ ಸಂಜೆ ಹೆಬ್ಬಾಳದ ಬಸ್ಸು ಕೈ ಕೊಟ್ಟಿತು. ಮೊದಲ ಹಾಡು ಮುಗಿದರೂ ಅಮ್ಮನಿಗೂ ಮಾವನಿಗೂ ಇಟ್ಟಿದ್ದ ಮುಂದಿನ ಎರಡು ಕುರ್ಚಿ ಖಾಲಿ. ಎರಡನೆಯದು ಅರ್ಧಕ್ಕೆ ಬಂದಾಗ ಬಾಗಿಲು ತೆರೆಯಿತು. ಕೋಟು, ಗೌನುಗಳ ಆ ಸಭೆಯ ಕೊನೆಯಲ್ಲಿ ದೊಡ್ಡಮುನಿಯಮ್ಮ, ಹಿಂದೆ ಮುನಿಕೃಷ್ಣಪ್ಪ. ತಲೆಯ ಮೇಲೆ ಸೆರಗು ಹೊದ್ದು, ಬಿಚ್ಚಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಎಲ್ಲಿ ಕೂರಬೇಕೋ ತಿಳಿಯದೆ ಆಕೆ ಎರಡು ಹೆಜ್ಜೆ ಇಟ್ಟಳು.

ಕದಿರಪ್ಪನ ಬಲಗೈ ತಂತಿ ಬಿಟ್ಟು ತಾನಾಗಿ ಮೇಲೆದ್ದಿತು. ಇಲ್ಲಿ ಬಾ, ಮುಂದೆ ಬಾ ಅಂತ ಕರೆಯಿತು. ಹೆತ್ತವಳು ಹಾಗೆ ನಿಂತಿರುವಾಗ ಯಾವ ಮಗ ತಾನೆ ಸುಮ್ಮನಿದ್ದಾನು!

ಅದು ತಾಳದ ನಾಲ್ಕೇ ಏಟಿನಷ್ಟು ಹೊತ್ತು. ಅಷ್ಟಕ್ಕೇ ಪಿಯಾನೋದವರು ತಡವರಿಸಿದರು, ಡ್ರಮ್ಮಿನವರು ಗಾಬರಿಯಿಂದ ತಿರುಗಿ ನೋಡಿದರು, ಸಾಬರ ಟ್ರಂಪೆಟ್ಟಿಗೆ ಕಾಲೂರಲು ನೆಲವೇ ಇಲ್ಲದಂತಾಯಿತು. ಸಭೆಗೆ ಏನೂ ಗೊತ್ತಾಗಲಿಲ್ಲ. ದೊಡ್ಡಮುನಿಯಮ್ಮ ಮಾತ್ರ ನಡುದಾರಿಯಲ್ಲಿ ಗಕ್ಕನೆ ನಿಂತಳು. ಇಪ್ಪತ್ತೈದು ವರ್ಷ ಬಾವಿಗೆ ಬೆನ್ನು ಹಾಕಿ, ಪಾತಿಯಿಂದ ಪಾತಿಗೆ ನೀರು ಕಟ್ಟಿದವಳು ಅವಳು. ಎತ್ತು ನಿಂತದ್ದನ್ನು ಕಣ್ಣಿಂದ ನೋಡಿ ತಿಳಿದವಳಲ್ಲ. ರಾಟೆಯ ಸದ್ದು ನಿಂತರೆ ಕಿವಿಗೆ ಗೊತ್ತಾಗುತ್ತಿತ್ತು, ಆಗ ಗುದ್ದಲಿ ನಿಲ್ಲಿಸಿ ತಲೆ ಒಂದು ಕಡೆ ವಾಲಿಸುತ್ತಿದ್ದಳು. ಈಗಲೂ ಹಾಗೇ ವಾಲಿಸಿದಳು.

ಕದಿರಪ್ಪ ನಾಚಿ ನೀರಾಗಿ ಮತ್ತೆ ತಂತಿಗೆ ಕೈ ಹಾಕಿದ. ನಡಿಗೆ ಮರಳಿತು. ಅಮ್ಮ ತಲೆ ನೆಟ್ಟಗೆ ಮಾಡಿಕೊಂಡು ಮುಂದೆ ಬಂದು ಕೂತಳು.

ಮೂರನೇ ಹಾಡಿನಲ್ಲಿ ಸಾಬರು ಹೇಳಿದಂತೆಯೇ ಕಣ್ಣಲ್ಲಿ ಸನ್ನೆ ಮಾಡಿದರು. ಕದಿರಪ್ಪ ಅಮ್ಮನ ಕಡೆ ನೋಡಿದ. ಅವಳ ಬರಿಗಾಲಿನ ಹೆಬ್ಬೆರಳು ನೆಲ ತಟ್ಟುತ್ತಿತ್ತು. ಡ್ರಮ್ಮಿನ ಜೊತೆಗಲ್ಲ, ಟ್ರಂಪೆಟ್ಟಿನ ಜೊತೆಗೂ ಅಲ್ಲ, ತನ್ನ ತಂತಿಯ ಜೊತೆಗೆ. ಅವನು ಸಾಬರಿಗೆ ಬೇಡವೆಂದು ತಲೆಯಾಡಿಸಿ, ಎಲ್ಲರ ಅಡಿಯಲ್ಲಿ ನಡೆಯುತ್ತಲೇ ಹೋದ. ಅಷ್ಟು ಎದೆಯುಬ್ಬಿಸಿ ಅವನು ಹಿಂದೆ ಯಾವತ್ತೂ ಬಾರಿಸಿರಲಿಲ್ಲ.

ಎಲ್ಲ ಮುಗಿದು ಹೊರಗೆ ಬಂದಾಗ ಮುನಿಕೃಷ್ಣಪ್ಪ ಗೆದ್ದವನಂತೆ ಕೇಳಿದ, "ಏನಕ್ಕ, ಕೇಳ್ತಾ? ನಂಗಂತೂ ಇವಂದು ಕೇಳ್ಲೇ ಇಲ್ಲ."

ದೊಡ್ಡಮುನಿಯಮ್ಮ ಮಗನ ಹೆಗಲು ಹಿಡಿದುಕೊಂಡು ಚಪ್ಪಲಿ ಮೆಟ್ಟಿದಳು.

"ನೀನು ಯಾವತ್ತಪ್ಪ ನೀರು ಕಟ್ಟಿದ್ದೆ, ನಿಂಗೆ ಕೇಳಾಕೆ? ಇವ್ನು ಒಂದ್ ಗಳಿಗೆ ಕೈ ಬಿಟ್ಟಿದ್ದಕ್ಕೆ ಆ ಮೂರೂ ಜನ ಒಣಗ್ಬಿಟ್ರು. ಇವ್ನ್ ಎತ್ತು ಇಲ್ಲೇ ಅವೆ, ಇಲ್ಲೇ ನಡೀಲಿ." ತಮ್ಮನ ಕೈಗೆ ತನ್ನ ಚೀಲ ಕೊಟ್ಟಳು. "ನಾಳೆ ಬೆಳಿಗ್ಗೆಯಿಂದ ನಮ್ ಕಪಿಲೆಗೆ ನೀನ್ ಬಾ."