ಎರಡೂ ಶೂ

ಅಮೆರಿಕದ ಪಾರ್ಸಿಪನಿ ಊರಿನ ನಮ್ಮ ಪಕ್ಕದ ಮನೆಯ ಅಂಕಲ್, ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಆಫೀಸು ಮುಗಿಸಿ ಭಾರತೀಯರ ಮನೆ ಮನೆಗೆ ಹೋಗಿ, ಹದಿನೆಂಟು ತುಂಬಿದ ಮಕ್ಕಳನ್ನು ಹುಡುಕುತ್ತಿದ್ದರು. ಮುಂದಿನ ಮನೆಗೆ ಹೋಗುವ ಅವಸರದಲ್ಲಿ ಬಾಗಿಲಲ್ಲಿ ಒಂದೇ ಶೂ ಬಿಚ್ಚಿ, ಇನ್ನೊಂದು ಕಾಲನ್ನು ಹೊರಗೇ ಇಟ್ಟು, ಮತದಾರರ ನೋಂದಣಿ ಫಾರಂ ಚಾಚುವರು. “ನಮಗೂ ಒಂದು ಮಾತಿದೆ ಅಂತ ಈ ಅಮೆರಿಕದವರಿಗೆ ಗೊತ್ತಾಗೋದು ಹೇಗೆ?”

ಕಳೆದ ಸಲ, ದೂರದ ಕಾಲೇಜಿನಲ್ಲಿದ್ದ ಅವರ ಮಗಳ ಅಂಚೆ ಮತಪತ್ರ ಮನೆಗೆ ಬಂತು. ಅವಳ ಶಾಲೆಯ ಫಾರಂಗಳನ್ನೆಲ್ಲ ತುಂಬಿದ ಅಭ್ಯಾಸಬಲದಿಂದ, ಅಂಕಲ್ ತಾವೇ ಗುರುತು ಹಾಕಿ, ಅವಳ ಸಹಿಯನ್ನೂ ಮಾಡಿ ಕಳಿಸಿಬಿಟ್ಟರು. ಸಹಿ ಹೊಂದುತ್ತಿಲ್ಲವೆಂದು ಚುನಾವಣಾ ಕಚೇರಿಯಿಂದ ಪತ್ರ ಬಂತು. ವಾರಾಂತ್ಯಕ್ಕೆ ಬಂದ ಮಗಳು ಅದನ್ನು ಓದಿ ಹೇಳಿದ್ದು ಇಷ್ಟೇ: “ಅಪ್ಪಾ, ಯು ಡಿಡಂಟ್ ಈವನ್ ಆಸ್ಕ್ ಮಿ.”

ಇದನ್ನು ಹೇಳಲು ಬಂದ ಸಂಜೆ ಅಂಕಲ್ ಉಳಿದ ಫಾರಂಗಳನ್ನು ನನ್ನ ಕೈಗಿಟ್ಟರು. ಮೊದಲ ಸಲ ಎರಡೂ ಶೂ ಬಿಚ್ಚಿ, ನಮ್ಮ ಸೋಫಾದಲ್ಲಿ ಕೂತರು.