ಫ್ಯಾನಕ್ಕ ಮತ್ತು ಮರಿಮೀನಿನ ಮೂಗು

ಬೆಳಕು ಆಗಷ್ಟೇ ಹರಿಯುತ್ತಿದೆ. ಪ್ರಯೋಗಾಲಯದ ಮೂಲೆಯ ಕೋಣೆಗೆ ಬಂದವರೇ ಅವರು ಮೊದಲು ಫ್ಯಾನ್ ನಿಲ್ಲಿಸುತ್ತಾರೆ, ಆಮೇಲೆ ಕಿಟಕಿ ಮುಚ್ಚುತ್ತಾರೆ. ಬೆವರು ಕತ್ತರಿಸುವ ಯಂತ್ರದ ಮೇಲೆ ತೊಟ್ಟಿಕ್ಕದಂತೆ ಹಣೆಗೊಂದು ಬಟ್ಟೆ ಕಟ್ಟುತ್ತಾರೆ. ಇಲ್ಲಿ ಎಲ್ಲರಿಗೂ ಅವರು ‘ಫ್ಯಾನಕ್ಕ’. ಗಾಜಿನ ಸಾಮಾನು ತೊಳೆಯಲು ಸೇರಿದವರು; ಈಗ ಇಪ್ಪತ್ತು ವರ್ಷದಿಂದ, ಮೇಣದಲ್ಲಿ ಹುದುಗಿಸಿದ ಮರಿಮೀನುಗಳನ್ನು ಕೂದಲಿಗಿಂತ ತೆಳುವಾಗಿ ಕತ್ತರಿಸುವುದೇ ಅವರ ಕೆಲಸ.

ಇಂದಿನ ಮರಿ ಹವಳದ ದಿಬ್ಬದ್ದು, ಅಕ್ಕಿಕಾಳಿನಷ್ಟು. ಮೊಟ್ಟೆಯೊಡೆದು ಅಲೆಯ ಪಾಲಾಗುವ ಇಂಥ ಮರಿಗಳಿಗೆ ದಿಬ್ಬಕ್ಕೆ ಮರಳಲು ವಾಸನೆಯೂ ದಾರಿ ತೋರಿಸುತ್ತದೆ. ಮೊದಮೊದಲು ಮೂಗೆಂದರೆ ಕಣ್ಣುಗಳ ಮುಂದೆ ಒಂದೊಂದು ಗುಳಿ, ಅಷ್ಟೆ. ಬೆಳೆದಂತೆ ಗುಳಿಯ ಮೇಲೆ ಚರ್ಮ ಸೇತುವೆಯಂತೆ ಕೂಡಿಕೊಂಡು, ನೀರು ಒಳಬರಲು ಒಂದು ತೂತು, ಹೊರಹೋಗಲು ಇನ್ನೊಂದು ಆಗುತ್ತದೆ. ಸೇತುವೆ ಕೂಡುವ ವಯಸ್ಸಿನ ಮರಿ ಉಳಿದಿರುವುದು ಇದೊಂದೇ. ಇದು ಕೆಟ್ಟರೆ, ಈ ಮೂಗಿನ ಬೆಳವಣಿಗೆಯನ್ನು ಅಭ್ಯಸಿಸುತ್ತಿರುವ ಸಂಶೋಧಕಿ, ಮೀನುಗಳು ಮತ್ತೆ ಮೊಟ್ಟೆಯಿಡುವವರೆಗೆ ಕಾಯಬೇಕು.

“ಮರಿ ನೇರ ಕೂತಿದ್ಯಾ ಅಕ್ಕಾ?” ಸಂಶೋಧಕಿ ಪಿಸುಗುಡುತ್ತಾರೆ.

“ಎರಡು ಕಣ್ಣೂ ಒಂದೇ ಸಮ ಕಾಣ್ಬೇಕು. ಚೂರು ಓರೆಯಾದ್ರೂ ಬ್ಲೇಡಿಗೆ ಒಂದು ಮೂಗು ಮೊದಲು ಸಿಕ್ಕಿಬಿಡತ್ತೆ, ಇನ್ನೊಂದು ಆಮೇಲೆ. ಹೋಲಿಸಿ ನೋಡೋದು ಹೇಗೆ?”

ತಿರುಪು ಸರಿಪಡಿಸಿ ಯಂತ್ರದ ಹಿಡಿಕೆ ತಿರುಗಿಸುತ್ತಾರೆ. ಮೇಣದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಮೂಗಿನ ಭಾಗ ಬಂದಿದೆ, ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯುತ್ತದೆ. ಕಾವಲುಗಾರ ಬೀಗದ ಕೈ ಕೇಳಲು ಬಂದಿದ್ದಾರೆ. ಗಾಳಿ ನುಗ್ಗುತ್ತದೆ, ರಿಬ್ಬನ್ ಮಾಯ.

“ಯಾರೂ ಅಲ್ಲಾಡ್ಬೇಡಿ. ಉಸಿರೂ ಬಿಡ್ಬೇಡಿ.”

“ಎಷ್ಟು ಹೊತ್ತಕ್ಕಾ?” ಕಾವಲುಗಾರರ ಪ್ರಶ್ನೆ.

“ಸಿಗೋ ತನಕ!”

ಸಿಗುವುದು ಅವರದೇ ತೋಳಿನ ಮೇಲೆ. ಕುಂಚದ ತುದಿಯಲ್ಲಿ ಎತ್ತಿ, ಬೆಚ್ಚನೆ ನೀರಲ್ಲಿ ತೇಲಿಸಿ, ಗಾಜಿನ ಪಟ್ಟಿಗೆ ಅಂಟಿಸಿಕೊಳ್ಳುತ್ತಾರೆ. ಸಂಜೆ, ಒಣಗಿಸಿ ಬಣ್ಣ ಹಾಕಿದ ಪಟ್ಟಿ ಸೂಕ್ಷ್ಮದರ್ಶಕದಡಿ ಹೋಗುತ್ತದೆ. ಒಂದೇ ಪದರದಲ್ಲಿ ಎರಡೂ ಮೂಗು. ಎರಡರ ಮೇಲೂ ಚರ್ಮದ ಅಂಚುಗಳು ಇನ್ನೇನು ಮುಟ್ಟಬೇಕು. “ಬಂತು ಅಕ್ಕಾ, ಬಂತು!” ಸಂಶೋಧಕಿ ಕುರ್ಚಿಯಿಂದ ಎದ್ದೇಬಿಡುತ್ತಾರೆ.

ಫ್ಯಾನಕ್ಕ ಒಮ್ಮೆ ಇಣುಕಿ, ಬ್ಲೇಡ್ ಒರೆಸಲು ಹೋಗುತ್ತಾರೆ. “ಮನೇಲೂ ಊಟಕ್ಕೆ ಕೂತಾಗ ಕೈ ತಾನಾಗೇ ಫ್ಯಾನ್ ಆಫ್ ಮಾಡತ್ತೆ. ‘ಸೊಸೆ ಬಂದ್ಲು, ಸೆಕೆ ಬಂತು’ ಅಂತಾರೆ ನಮ್ಮತ್ತೆ,” ಎಂದು ನಗುತ್ತಾರೆ.

ನಿಮಗೇನಾದರೂ ಬೇಕೇ ಎಂದು ಸಂಶೋಧಕಿ ಕೇಳಿದರೆ ಬಾಗಿಲತ್ತ ನೋಡುತ್ತಾರೆ.

“ಒಳಗಡೆಯಿಂದ ಒಂದು ಚಿಲಕ ಹಾಕಿಸಿಕೊಡಿ ಸಾಕು. ಮೂಗಿನ ಚಿಂತೆ ನನಗಿರ್ಲಿ.”